ಧಾರವಾಡದಿಂದ ಮಂಗಳೂರು: ಗಂಡ ಹೆಂಡತಿ, ಎರಡು ಸೈಕಲ್, ಒಂಬತ್ತು ದಿನ

ಸಾಧನಕೇರಿ_ಸವಾರಿ

ಎಲ್ಲರಿಗೂ ನಮಸ್ಕಾರ. ಸಂಕ್ರಾಂತಿ ಮುಗಿದ ಮರುದಿನ ನಾನು ಮತ್ತು ನಮ್ಮ ಮನೆಯವರು ಸೈಕಲ್ ಹತ್ತಿ ಧಾರವಾಡ ಬಿಟ್ಟೆವು. ಕಲಘಟಗಿ, ಯಲ್ಲಾಪುರ, ಅರಬೈಲ್ ಘಟ್ಟ ಇಳಿದು ಅಂಕೋಲಾ. ಅಲ್ಲಿಂದ ಕಡಲ ದಂಡೆ ಹಿಡಿದು ಮಂಗಳೂರು. ಒಂಬತ್ತು ದಿನ, ಸುಮಾರು 400 ಕಿಲೋಮೀಟರ್. ನನಗೆ 46, ಅವರಿಗೆ 51. ಇಬ್ಬರೂ ಓಟಗಾರರಲ್ಲ. ಕೆಲಗೇರಿ ಕೆರೆ, ನುಗ್ಗಿಕೇರಿ ಅಂತ ಭಾನುವಾರ ಸುತ್ತುತ್ತಿದ್ದವರು. ಆರು ತಿಂಗಳು ಅದನ್ನೇ ಸ್ವಲ್ಪ ಸ್ವಲ್ಪ ಹೆಚ್ಚಿಸಿಕೊಂಡು ಹೋದೆವು, ಅಷ್ಟೇ ತಯಾರಿ.

ಮೊದಲ ದಿನ ಯಲ್ಲಾಪುರದವರೆಗೆ. ಎರಡನೇ ದಿನ ಬೆಳಿಗ್ಗೆ ಘಟ್ಟ ಇಳಿದು ಅಂಕೋಲಾ. ಆಮೇಲೆ ಗೋಕರ್ಣ, ಹೊನ್ನಾವರ, ಭಟ್ಕಳ, ಕುಂದಾಪುರ, ಮಲ್ಪೆ, ಕಾಪು, ಮಂಗಳೂರು. ದಿನಕ್ಕೆ 45 ಕಿಲೋಮೀಟರ್ ದಾಟಬಾರದು ಅಂತ ಕಡಲ ದಂಡೆಗೆ ಇಳಿದ ಮೇಲೆ ನಿಯಮ ಮಾಡಿಕೊಂಡೆವು. ಬೆಳಿಗ್ಗೆ ಆರೂವರೆಗೆ ಹೊರಟು ಹನ್ನೊಂದರ ಒಳಗೆ ನಿಲ್ಲಿಸುವುದು. ಒಂಬತ್ತನೇ ದಿನ ಒಂದು ಬಿಟ್ಟರೆ ಉಳಿದ ದಿನ ಹೆಚ್ಚು ಕಡಿಮೆ ಪಾಲಿಸಿದೆವು.

ಎಲ್ಲಾ ಬರೆಯಲು ಹೋದರೆ ಮುಗಿಯುವುದಿಲ್ಲ. ಒಂದು ಜಾಗದ ಬಗ್ಗೆ ಮಾತ್ರ ಹೇಳಲೇಬೇಕು. ಅಂಕೋಲಾ ದಾಟಿ ಶಿರೂರು ಬರುತ್ತದೆ. 2024ರ ಜುಲೈ 16ರಂದು ಗುಡ್ಡ ಕುಸಿದ ಜಾಗ. ಒಂದು ಕಡೆ ಕಡಿದ ಗುಡ್ಡ, ಇನ್ನೊಂದು ಕಡೆ ಗಂಗಾವಳಿ ಹೊಳೆ. ನಾವು ಸೈಕಲ್ ಇಳಿದು, ಚಪ್ಪಲಿ ಬಿಟ್ಟು, ಸುಮ್ನೆ ನಿಂತೆವು. ಲಾರಿಗಳು ಹೋಗುತ್ತಲೇ ಇದ್ದವು. ನಮ್ಮವರು ಹೊಳೆ ಕಡೆ ನೋಡುತ್ತಾ, "ಇದು ನಮ್ಮ ನೀರು" ಎಂದರು. ನಿಜ ಅಲ್ವಾ? ಧಾರವಾಡದ ಸೋಮೇಶ್ವರ ಗುಡಿ ಹತ್ತಿರ ಹುಟ್ಟುವ ಶಾಲ್ಮಲಾ ಮುಂದೆ ಬೇಡ್ತಿಯಾಗಿ, ಮಾಗೋಡಿನಲ್ಲಿ ಧುಮುಕಿ, ಇಲ್ಲಿಗೆ ಬರುವ ಹೊತ್ತಿಗೆ ಗಂಗಾವಳಿ. ಮನೆಯಿಂದ ನಾಲ್ಕು ಹೆಜ್ಜೆಯ ಗುಡಿಯಲ್ಲಿ ಬೊಗಸೆಯಷ್ಟು ಕಾಣುವ ನೀರು ಅಲ್ಲಿ ಅಷ್ಟು ಅಗಲ ಹರಿದಿತ್ತು. ಎರಡು ದಿನ ನಾವು ತುಳಿದುಕೊಂಡು ಬಂದಿದ್ದು ಅದು ಇಳಿದ ದಾರಿಯ ಪಕ್ಕದಲ್ಲೇ. ಕಾರಿನಲ್ಲಿ ಎಷ್ಟೋ ಸಲ ಈ ಹೊಳೆಯ ಸೇತುವೆ ದಾಟಿದ್ದೇವೆ. ಒಮ್ಮೆಯೂ ಹೊಳೆದಿರಲಿಲ್ಲ.

ಮದನಗೇರಿ ಕ್ರಾಸಿನಲ್ಲಿ ಬಲಕ್ಕೆ ಹೊರಳಿ ಗೋಕರ್ಣಕ್ಕೆ ಹೋಗುವಾಗ ಸಾಣಿಕಟ್ಟಾದ ಉಪ್ಪಿನ ಗದ್ದೆಗಳು ಸಿಗುತ್ತವೆ. ಮರುದಿನ ತದಡಿಯಲ್ಲಿ ಅಘನಾಶಿನಿ ದಾಟಿದ್ದು ದೋಣಿಯಲ್ಲಿ. ಸೈಕಲ್ ಮಲಗಿಸಲು ಹೋದಾಗ ದೋಣಿಯವರು ತಡೆದರು. ಚೈನು ಇರುವ ಕಡೆ ಮೇಲೆ ಬರುವಂತೆ ತಿರುಗಿಸಿ, ಕೆಳಗೊಂದು ಒದ್ದೆ ಗೋಣಿ ಚೀಲ ಹಾಕಿ, ಆಮೇಲೆ ಮಲಗಿಸಿದರು. ಉಪ್ಪು ನೀರು ಚೈನಿಗೆ ತಾಗಬಾರದು ಅಂತ. ಸೈಕಲ್ ಅಂಗಡಿಯಲ್ಲೂ ಇಷ್ಟು ಜೋಪಾನ ನಾನು ನೋಡಿಲ್ಲ.

ಹೋಗಬೇಕು ಅಂತ ಇರುವವರು ಕೇಳಿ. ಗೊತ್ತಿದ್ದಷ್ಟು ಹೇಳುತ್ತೇನೆ.

ಕಪ್ಪತಗುಡ್ಡದ_ಗಾಳಿ

ಓದಿ ತುಂಬಾ ಖುಷಿ ಆಯಿತು. ನಾನು ಮುಂಡರಗಿ ಕಡೆಯವನು. ನಮ್ಮಲ್ಲಿ ಎದುರು ಗಾಳಿ ಬೀಸಿದರೆ ಇಳಿಜಾರಲ್ಲೂ ತುಳಿಯಬೇಕು. ಸುಮ್ನೆ ಗಾಳಿ ಗಿರಣಿ ನಿಲ್ಲಿಸಿಲ್ಲ ಅಲ್ಲಿ. ಕಡಲ ದಂಡೆಯಲ್ಲಿ ಗಾಳಿ ಹೇಗೆ? ಮಂಗಳೂರಿನಿಂದ ಅಂಕೋಲಾಕ್ಕೆ ಬಂದರೆ ಒಳ್ಳೆಯದಾ, ನೀವು ಹೋದ ಹಾಗೆ ತೆಂಕಣಕ್ಕೆ ಹೋದರೆ ಒಳ್ಳೆಯದಾ?

ಸಾಧನಕೇರಿ_ಸವಾರಿ

ಗಾಳಿ ಬೇಕಾದರೆ ತೆಂಕಣಕ್ಕೆ ಹೋಗಿ. ಬೆಳಗಿನ ಜಾವ ನೆಲದ ಕಡೆಯಿಂದ ಕಡಲಿಗೆ ತಂಪು ಗಾಳಿ ಇರುತ್ತದೆ, ಹಗುರ. ಬಿಸಿಲೇರಿದ ಮೇಲೆ ಕಡಲಿನ ಕಡೆಯಿಂದ ಬೀಸಲು ಶುರುವಾಗುತ್ತದೆ. ಜನವರಿಯಲ್ಲಿ ನಮಗೆ ಅದು ವಾಯವ್ಯದಿಂದ, ಅಂದರೆ ಬಲ ಬೆನ್ನ ಹಿಂದಿನಿಂದ ಸಿಕ್ಕಿತು. ಹನ್ನೊಂದರ ಹೊತ್ತಿಗೆ ಕಾಲು ಸೋತಾಗ ಅದು ದೊಡ್ಡ ಸಹಾಯ.

ಆದರೆ ಒಂದು ಮಾತಿದೆ. ನಾವು ಎಡಕ್ಕೆ ಓಡಿಸುವವರು. ತೆಂಕಣಕ್ಕೆ ಹೋದರೆ ಕಡಲು ಬಲಕ್ಕೆ, ನಾಲ್ಕು ಸಾಲಿನ ರಸ್ತೆಯ ಆಚೆ. ಮರವಂತೆಯಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ. ನಮ್ಮ ಮಗ್ಗುಲಿಗೆ ಸೌಪರ್ಣಿಕಾ ಹೊಳೆ, ಆಚೆ ಕಡೆ ಅಲೆ. ಹೊಳೆ ನೋಡಿಕೊಂಡು ಹೋದೆವು, ಕಡಲಿಗೆ ನಿಂತು ರಸ್ತೆ ದಾಟಿದೆವು. ಬಡಗಣಕ್ಕೆ ಬಂದರೆ ಕಡಲು ನಿಮ್ಮ ಪಕ್ಕದಲ್ಲೇ ಇರುತ್ತದೆ, ಗಾಳಿ ಮುಖಕ್ಕೆ. ನಮ್ಮ ವಯಸ್ಸಿಗೆ ಗಾಳಿಯನ್ನೇ ಆರಿಸಿಕೊಂಡೆವು.

ಹೈವೇ ಬಿಡಬಹುದಾದ ಕಡೆ ಬಿಡಿ. ಮಲ್ಪೆಯಿಂದ ಪಡುಕೆರೆ, ಮಟ್ಟು, ಕಾಪು ಅಂತ ದಂಡೆಯಲ್ಲೇ ಸಣ್ಣ ರಸ್ತೆ ಇದೆ. ಒಂದು ಕಡೆ ಹೊಳೆ, ಒಂದು ಕಡೆ ಮರಳು, ನಡುವೆ ತೆಂಗಿನ ತೋಟ, ಒಣಗಲು ಹರವಿದ ಮೀನಿನ ಬಲೆ. ಮಟ್ಟು ಅಂದರೆ ಮಟ್ಟು ಗುಳ್ಳ ಬದನೆಯ ಊರು. ನಮ್ಮ ಕಡೆ ಎಣ್ಣೆಗಾಯಿಗೆ ಹಾಕುವ ಬದನೆಗಿಂತ ಉರುಟು, ಹಸಿರು. ಆ ದಿನ ಬರೀ 15 ಕಿಲೋಮೀಟರ್ ಓಡಿಸಿದೆವು. ಮಧ್ಯಾಹ್ನಕ್ಕೆ ಕಾಪು, ಸಂಜೆ 1901ರಲ್ಲಿ ಕಟ್ಟಿದ ದೀಪಸ್ತಂಭದ ಬಂಡೆಯ ಮೇಲೆ ಕೂತೆವು. ಪ್ರವಾಸದಲ್ಲಿ ಬಹಳ ಚೆಂದದ ದಿನ ಯಾವುದು ಅಂದರೆ ಅದೇ.

ಬೆಟಗೇರಿ_ಮಗ್ಗ

ಅಕ್ಕಾ, ನಾನು ಗದಗ ಬೆಟಗೇರಿಯವಳು. ನಾನೂ ನಮ್ಮವರೂ ಇಬ್ಬರೂ ಶಾಲೆ ಮೇಷ್ಟ್ರು. ನಮಗೆ ರಜೆ ಅಂದರೆ ಏಪ್ರಿಲ್, ಮೇ. ಆಗ ಹೋಗಬಹುದಾ? ಗದಗಿನ ಬಿಸಿಲು ಕಂಡವರಿಗೆ ಕಡಲ ದಂಡೆಯ ಬಿಸಿಲು ಏನು ಮಹಾ ಅಂತ ನಮ್ಮವರು ಹೇಳುತ್ತಾರೆ.

ಇನ್ನೊಂದು, ಸ್ವಲ್ಪ ಬೇರೆ ಪ್ರಶ್ನೆ. ನಿಮ್ಮಿಬ್ಬರ ವೇಗ ಒಂದೇ ಇತ್ತಾ? ನಾವು ಎರಡು ಸಲ ಒಟ್ಟಿಗೆ ಹೋಗಿ ಎರಡೂ ಸಲ ಜಗಳ ಆಡಿಕೊಂಡು ಬಂದೆವು. ಅವರು ಮುಂದೆ ಹೋಗಿ ಗಿಡದ ಕೆಳಗೆ ಕಾಯುತ್ತಾರೆ. ನಾನು ಬೆವರು ಒರೆಸುತ್ತಾ ತಲುಪಿದ ಕೂಡಲೇ "ನಡಿ" ಎಂದು ಹತ್ತಿಬಿಡುತ್ತಾರೆ. ಅವರಿಗೆ ವಿಶ್ರಾಂತಿ ಸಿಕ್ಕಿರುತ್ತದೆ, ನನಗೆ ಇಲ್ಲ.

ಸಾಧನಕೇರಿ_ಸವಾರಿ

ತಂಗಿ, ಎರಡನೇ ಪ್ರಶ್ನೆಯೇ ಮುಖ್ಯ. ಮೊದಲು ಅದನ್ನೇ ಹೇಳುತ್ತೇನೆ.

ನೀವು ಬರೆದದ್ದು ನಮ್ಮ ಮೊದಲ ದಿನದ ಕಥೆ. ಕಲಘಟಗಿ ದಾಟಿದ ಮೇಲೆ ಏರು ಇಳಿವು ಶುರುವಾಗುತ್ತದೆ. ಪ್ರತಿ ಏರಿನ ತುದಿಯಲ್ಲಿ ಅವರು ಕಾಯುವುದು, ನಾನು ಮುಟ್ಟಿದ ಕೂಡಲೇ ಹೊರಡುವುದು. ಕಿರವತ್ತಿ ಹತ್ತಿರ ನಾನು ಸೈಕಲನ್ನು ಗಿಡಕ್ಕೆ ಒರಗಿಸಿ ನೆಲದ ಮೇಲೆ ಕೂತುಬಿಟ್ಟೆ. ಕಣ್ಣಲ್ಲಿ ನೀರು ಬಂತು. ಕಾಲು ನೋವಿಗಲ್ಲ. ಇಡೀ ದಿನ ಅವರ ಬೆನ್ನು ಸಣ್ಣದಾಗುವುದನ್ನೇ ನೋಡಿದ್ದೆ, ಕಾಡು ನೋಡಿರಲೇ ಇಲ್ಲ. ಇದನ್ನು ಅವರಿಗೆ ಹಾಗೆಯೇ ಹೇಳಿದೆ. ಅವರಿಗೆ ನಿಜವಾಗಿ ಗೊತ್ತಿರಲಿಲ್ಲ. ಕಾಯುವುದೇ ದೊಡ್ಡ ಉಪಕಾರ ಅಂದುಕೊಂಡಿದ್ದರು ಪಾಪ.

ಅಂದು ರಾತ್ರಿ ಯಲ್ಲಾಪುರದಲ್ಲಿ ಎರಡು ಮಾತು ಆಡಿಕೊಂಡೆವು. ಒಂದು, ನಿಧಾನ ಇರುವವರು ಮುಂದೆ. ಯಾವಾಗಲೂ. ಎರಡು, ಭಾರ ಹಂಚಿಕೆ ಬದಲು. ಅಲ್ಲಿಯವರೆಗೆ ಇಬ್ಬರೂ ಎಂಟೆಂಟು ಕಿಲೋ ಹೊತ್ತಿದ್ದೆವು. ನೀರು, ಹತ್ಯಾರು, ರೊಟ್ಟಿ ಗಂಟು ಎಲ್ಲಾ ಅವರ ಸೈಕಲಿಗೆ ಹೋಯಿತು. ನನಗೆ ಬರೀ ಬಟ್ಟೆ. ಮರುದಿನದಿಂದ ರಸ್ತೆ ನನ್ನ ಮುಂದೆ ಖಾಲಿ ಇತ್ತು. ಎಲ್ಲಿ ನಿಲ್ಲಬೇಕು ಅಂತ ನಾನೇ ತೀರ್ಮಾನ ಮಾಡುತ್ತಿದ್ದೆ. ಆಶ್ಚರ್ಯ ಏನೆಂದರೆ ನಮ್ಮ ವೇಗವೂ ಹೆಚ್ಚಾಯಿತು. ಹಿಂದೆ ಬಿದ್ದಿದ್ದೇನೆ ಅನ್ನುವ ಭಾವನೆ ಹೋದರೆ ಕಾಲಿಗೆ ಅರ್ಧ ಶಕ್ತಿ ವಾಪಸ್ ಬರುತ್ತದೆ. ನಿಮ್ಮವರಿಗೆ ಇದನ್ನು ಓದಿಸಿ.

ಇನ್ನು ಏಪ್ರಿಲ್, ಮೇ ಬೇಡ. ಖಂಡಿತ ಬೇಡ. ಗದಗಿನಲ್ಲಿ 40 ಡಿಗ್ರಿ ಇದ್ದರೂ ಬೆವರು ಆರುತ್ತದೆ, ಮೈ ತಣ್ಣಗಾಗುತ್ತದೆ. ಕಡಲ ದಂಡೆಯಲ್ಲಿ 34 ಡಿಗ್ರಿಗೇ ಬೆವರು ಇಳಿಯುತ್ತದೆಯೇ ಹೊರತು ಆರುವುದಿಲ್ಲ. ನಾನು ಮನೆಯಿಂದ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡಿದ್ದೆ. ನಮ್ಮಲ್ಲಿ ತಿಂಗಳಿಟ್ಟರೂ ಕಟಕ್ ಅನ್ನುವ ರೊಟ್ಟಿ. ಯಲ್ಲಾಪುರದಲ್ಲಿ ಮುರಿಯಿತು. ಅಂಕೋಲಾದಲ್ಲಿ ಬಾಗಿತು. ಗೋಕರ್ಣದಲ್ಲಿ ಬಟ್ಟೆ ಹಾಗೆ ಮಡಚಲು ಬಂತು. ಅದೂ ಜನವರಿಯಲ್ಲಿ. ಆ ಗಾಳಿಯಲ್ಲಿ ಎಷ್ಟು ನೀರಿದೆ ಅಂತ ಅದರಿಂದಲೇ ಲೆಕ್ಕ ಹಾಕಿ. ಫೆಬ್ರವರಿ ಕೊನೆ, ಮಾರ್ಚಿನಲ್ಲೂ ಎಚ್ಚರ ಬೇಕು. ಮೂಡಣ ಗಾಳಿ ಜೋರಿದ್ದು ಕಡಲಗಾಳಿ ತಡವಾದ ದಿನ ಅಂಕೋಲಾ, ಹೊನ್ನಾವರ ಕಡೆ ಕಾದ ಹಂಚಾಗುತ್ತದೆ.

ಸಂಕ್ರಾಂತಿ ಹತ್ತಿರ ಎರಡು ರಜೆ ಸೇರಿಸಿಕೊಂಡು ನಾಲ್ಕು ದಿನ ಹೋಗಿ. ಅಂಕೋಲಾದಿಂದ ಭಟ್ಕಳ ಸಾಕು.

ಎಳನೀರು ಕುಡಿಯಿರಿ, ಆದರೆ ಅದೊಂದನ್ನೇ ನಂಬಬೇಡಿ. ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ, ಉಪ್ಪಿನ ಸೋಡಿಯಂ ಕಡಿಮೆ. ಬೆವರಿನಲ್ಲಿ ಹೋಗುವುದು ಉಪ್ಪು. ಮಜ್ಜಿಗೆಗೆ ಉಪ್ಪು ಹಾಕಿ ಕುಡಿಯಿರಿ, ಮುರುಗಲು (ಕೋಕಂ) ಪಾನಕಕ್ಕೆ ಉಪ್ಪು ಜೀರಿಗೆ ಹಾಕಿ ಕೊಡುತ್ತಾರೆ, ಅದೂ ಒಳ್ಳೆಯದು. ಓಆರ್‌ಎಸ್ ಆದರೆ ದೊಡ್ಡ ಪೊಟ್ಟಣಕ್ಕೆ ಸರಿಯಾಗಿ ಒಂದು ಲೀಟರ್ ನೀರು, ಅಂದಾಜಿಗೆ ಬೇಡ.

ಬೆಟಗೇರಿ_ಮಗ್ಗ

ಓದಿಸಿದೆ. ಎರಡು ಸಲ ಓದಿ, ಏನೂ ಮಾತಾಡದೆ ಎದ್ದು ಹೋಗಿ ನನ್ನ ಸೈಕಲಿಗೆ ಗಾಳಿ ಹೊಡೆದರು.

ಬಟ್ಟೆ, ಶೌಚಾಲಯದ ವಿಷಯ ಹೇಳಿ ಅಕ್ಕಾ. ಇದನ್ನು ಯಾರೂ ಬರೆಯುವುದಿಲ್ಲ.

ಸಾಧನಕೇರಿ_ಸವಾರಿ

ಪೆಟ್ರೋಲ್ ಬಂಕ್. ಹೈವೇ ಮೇಲೆ ಬಂಕ್ ಕಂಡಾಗಲೆಲ್ಲ, ಬೇಕಿರಲಿ ಬೇಡದಿರಲಿ, ನಿಲ್ಲುತ್ತಿದ್ದೆ. ಶೌಚಾಲಯ ಸಿಗುವುದಿಲ್ಲ ಅಂತ ನೀರು ಕಡಿಮೆ ಕುಡಿಯುವ ಅಭ್ಯಾಸ ನಮ್ಮ ಹೆಣ್ಣುಮಕ್ಕಳಿಗೆ ಇದೆ. ಅಲ್ಲಿ ಆ ಅಭ್ಯಾಸ ತುಂಬಾ ಅಪಾಯ.

ಮೆತ್ತೆ ಇರುವ ಸೈಕಲ್ ಚಡ್ಡಿ ಒಳಗೆ, ಮೇಲೆ ಸಡಿಲ ಪ್ಯಾಂಟು, ಉದ್ದ ಕುರ್ತಾ. ಆ ಚಡ್ಡಿ ತೊಳೆಯದೆ ಎರಡನೇ ದಿನ ಹಾಕಲೇಬಾರದು. ತೊಡೆ ಸಂದಿಯಲ್ಲಿ ಹುಣ್ಣಾದರೆ ಪ್ರವಾಸ ಅಲ್ಲಿಗೇ ಮುಗಿಯಿತು. ರಾತ್ರಿ ಒಗೆದರೆ ಬೆಳಿಗ್ಗೆಗೆ ಒಣಗುವುದಿಲ್ಲ, ಅದಕ್ಕೆ ಮೂರು ಜೊತೆ ಬೇಕು. ಒಂದು ಮೈ ಮೇಲೆ, ಒಂದು ಚೀಲದ ಮೇಲೆ ಒಣಗುತ್ತಾ, ಒಂದು ಒಳಗೆ. ಮುಟ್ಟಿನ ದಿನಗಳಲ್ಲಿ ಎರಡು ದಿನ ಓಡಿಸಿದೆ, ಒಂದು ದಿನ ಮುರ್ಡೇಶ್ವರದಲ್ಲಿ ನಡುವೆ ನಿಲ್ಲಿಸಿ ಸುಧಾರಿಸಿಕೊಂಡೆ. ಯಾರೂ ಬಹುಮಾನ ಕೊಡುವುದಿಲ್ಲ, ಬೇಕಾದಾಗ ನಿಲ್ಲಿಸಿ.

ಒಂದು ಊರಿನಲ್ಲಿ ಲಾಡ್ಜಿನವರು ಸೈಕಲ್ ಒಳಗೆ ಬಿಡಲಿಲ್ಲ. ಹೊರಗೆ ಬೀದಿಯಲ್ಲಿ ಬಿಡಿ ಎಂದರು. ಬೇರೆ ಕಡೆ ಹೋಗಬೇಕಾಯಿತು, ಕತ್ತಲಾಗಿತ್ತು, ಬೇಜಾರಾಯಿತು. ಆಮೇಲೆ ಫೋನ್ ಮಾಡುವಾಗಲೇ ಸೈಕಲ್ ಇಡಲು ಜಾಗ ಇದೆಯಾ ಅಂತ ಕೇಳುತ್ತಿದ್ದೆವು.

ಹಾವೇರಿ_ಏಲಕ್ಕಿ

ಒಂದು ಅನುಮಾನ. ಭಾರ ಎಲ್ಲಾ ಒಂದೇ ಸೈಕಲಿಗೆ ಹೇರಿದಿರಿ ಅಂದಿರಿ. ಹಿಂದಿನ ಗಾಲಿಯ ಕಡ್ಡಿ ಮುರಿಯಲಿಲ್ಲವೇ? ನಾನು ಹಾವೇರಿಯಲ್ಲಿ ಮೂವತ್ತು ವರ್ಷದಿಂದ ಸೈಕಲ್ ರಿಪೇರಿ ಮಾಡುವವನು.

ಸಾಧನಕೇರಿ_ಸವಾರಿ

ಮುರಿಯಿತು! ಹೊನ್ನಾವರ ಬಿಟ್ಟು ಮುರ್ಡೇಶ್ವರಕ್ಕೆ ಹೋಗುವಾಗ, ಟಿಣ್ ಅಂತ ಶಬ್ದ ಬಂತು. ಆಮೇಲೆ ಗಾಲಿ ಬ್ರೇಕಿಗೆ ಉಜ್ಜುತ್ತಾ ಬಂತು. ಹಲ್ಲುಚಕ್ರದ ಕಡೆಯ ಕಡ್ಡಿಯೇ. ನಮ್ಮ ಹತ್ತಿರ ಬೇರೆ ಕಡ್ಡಿ ಇತ್ತು, ಆದರೆ ಹಲ್ಲುಚಕ್ರ ಬಿಚ್ಚುವ ಹತ್ಯಾರು ಇರಲಿಲ್ಲ. ಅದನ್ನು ಬಿಚ್ಚದೆ ಕಡ್ಡಿ ತೂತಿಗೆ ಹೋಗುವುದೇ ಇಲ್ಲ. ಭಟ್ಕಳದವರೆಗೆ ಹಿಂದಿನ ಬ್ರೇಕ್ ಸಡಿಲ ಮಾಡಿ ನಿಧಾನ ಹೋದೆವು. ಅಲ್ಲಿ ಒಬ್ಬ ಅಜ್ಜನ ಅಂಗಡಿ. ಅವರು ಗಾಲಿ ತಿರುಗಿಸಿ, ಬ್ರೇಕ್ ಕಟ್ಟೆಯ ಹತ್ತಿರ ಹೆಬ್ಬೆರಳ ಉಗುರು ಹಿಡಿದು, ಉಗುರಿಗೆ ರಿಮ್ ತಾಗಿದ ಕಡೆ ಒಂದೊಂದೇ ನಿಪ್ಪಲ್ (ಕಡ್ಡಿ ತುದಿಯ ತಿರುಪು) ಕಾಲು ಸುತ್ತು, ಅರ್ಧ ಸುತ್ತು ತಿರುವಿ ಔಟ್, ಅಂದರೆ ಗಾಲಿಯ ಓಲಾಟ, ತೆಗೆದರು. ಇಪ್ಪತ್ತು ನಿಮಿಷ. ಕಡೆಗೆ ಉಗುರಿಗೂ ರಿಮ್ಮಿಗೂ ನಡುವೆ ಕೂದಲೆಳೆಯಷ್ಟು ಜಾಗ, ಸುತ್ತಲೂ ಒಂದೇ ಸಮ. ಮಂಗಳೂರಿನವರೆಗೆ ಅದು ಅಲುಗಲಿಲ್ಲ.

ಹಾವೇರಿ_ಏಲಕ್ಕಿ

ಆ ಅಜ್ಜನಿಗೆ ನನ್ನ ನಮಸ್ಕಾರ. ಉಗುರಿನಲ್ಲಿ ಔಟ್ ನೋಡುವವರು ಈಗ ಕಡಿಮೆ.

ಯಾಕೆ ಆ ಕಡೆಯದೇ ಮುರಿಯುತ್ತದೆ ಅಂದರೆ, ಹಲ್ಲುಚಕ್ರಕ್ಕೆ ಜಾಗ ಬಿಡಲು ಆ ಮಗ್ಗುಲಿನ ಕಡ್ಡಿಗಳು ನೆಟ್ಟಗೆ ನಿಂತಿರುತ್ತವೆ, ಬಿಗಿ ಜಾಸ್ತಿ ಇರುತ್ತದೆ. ಅದರ ಮೇಲೆ ಸವಾರನ ಭಾರ, ಚೀಲದ ಭಾರ, ತುಳಿಯುವ ಎಳೆತ. ಒಂದು ಕಡ್ಡಿ ಹೋದ ಮೇಲೆ ಅದರ ಪಾಲು ಅಕ್ಕಪಕ್ಕದವು ಹೊರಬೇಕು. ಹಾಗೆಯೇ ಓಡಿಸಿದರೆ ಎರಡನೆಯದು, ಮೂರನೆಯದು ಹೋಗುತ್ತದೆ. ಹೊರಡುವ ಮುಂಚೆ ಕಡ್ಡಿಗಳನ್ನು ಎರಡೆರಡು ಸೇರಿಸಿ ಹಿಚುಕಿ ನೋಡಿ, ಸಡಿಲ ಇದ್ದರೆ ಬಿಗಿ ಮಾಡಿಸಿ. ಭಾರದಲ್ಲಿ ಮೂರನೇ ಒಂದು ಪಾಲು ಮುಂದಿನ ಗಾಲಿಗೆ ಹಾಕಿ.

ಇನ್ನೊಂದು, ತೆಳು ಮೂತಿಯ ಪ್ರೆಸ್ಟಾ ವಾಲ್ವ್ ಇರುವ ಟ್ಯೂಬು ಹಾಕಿಕೊಂಡು ಹಳ್ಳಿ ಕಡೆ ಹೋಗುವವರು ಹಿತ್ತಾಳೆಯ ಅಡಾಪ್ಟರ್ ಒಂದನ್ನು ಇಟ್ಟುಕೊಳ್ಳಿ. ಪಂಕ್ಚರ್ ಅಂಗಡಿಯ ಗಾಳಿ ಪೈಪು ಅದಕ್ಕೆ ಕೂರುವುದಿಲ್ಲ.

ಸಾಧನಕೇರಿ_ಸವಾರಿ

ಭಟ್ಕಳದಿಂದ ನೀರಿನ ಬಾಟಲಿ, ರೊಟ್ಟಿ ಗಂಟು ನಾನು ವಾಪಸ್ ತೆಗೆದುಕೊಂಡೆ. ರೊಟ್ಟಿ ಮೆತ್ತಗಾಗಿದ್ದರೂ ಬಿಡಲು ಮನಸ್ಸಾಗಲಿಲ್ಲ. ಮಜ್ಜಿಗೆಯಲ್ಲಿ ನೆನೆಸಿ ತಿಂದೆವು. ಆದರೆ ಮುಂದೆ ಹೋಗುವ ಜಾಗ ಬಿಟ್ಟುಕೊಡಲಿಲ್ಲ.

ಗಬ್ಬೂರ_ಬೈಪಾಸ್

ನಾನು ಹುಬ್ಬಳ್ಳಿಯಿಂದ ಮಂಗಳೂರು, ಕಾರವಾರ ಬಂದರಿಗೆ ಲಾರಿ ಓಡಿಸುತ್ತೇನೆ. ಅಕ್ಕಾರೇ, ಖುಷಿಯಿಂದ ಓದಿದೆ. ಆದರೆ ಅರಬೈಲ್ ಘಟ್ಟ ಸೈಕಲಿನಲ್ಲಿ ಇಳಿದದ್ದು ನನಗೆ ಸರಿ ಕಾಣಲಿಲ್ಲ. ಯಲ್ಲಾಪುರದಲ್ಲಿ ಸೈಕಲ್‌ಗಳನ್ನು ಟೆಂಪೋಗೆ ಹಾಕಿ ಘಟ್ಟ ಇಳಿಸಿಕೊಂಡು ಮುಂದೆ ಓಡಿಸಿ. ಓದಿದವರೆಲ್ಲ ನಿಮ್ಮ ಹಾಗೆ ಎಚ್ಚರ ಇರುವವರಲ್ಲ.

ನಮ್ಮ ಕಡೆಯಿಂದ ಏನು ಕಾಣುತ್ತದೆ ಹೇಳುತ್ತೇನೆ. ತುಂಬಿದ ಲಾರಿ ತಿರುವಿನಲ್ಲಿ ಹೊರಳುವಾಗ ಮುಂದಿನ ಗಾಲಿ ಹೋದ ದಾರಿಯಲ್ಲಿ ಹಿಂದಿನ ಗಾಲಿ ಬರುವುದಿಲ್ಲ. ಒಳಗೆ ಕತ್ತರಿಸಿಕೊಂಡು ಬರುತ್ತದೆ. ಎಡ ತಿರುವಿನಲ್ಲಿ ನೀವು ಎಡ ಮಗ್ಗುಲಿಗೆ ನುಗ್ಗಿದರೆ ಗುಡ್ಡಕ್ಕೂ ಗಾಲಿಗೂ ನಡುವೆ ಸಿಕ್ಕುತ್ತೀರಿ. ನಮಗೆ ಗೊತ್ತೂ ಆಗುವುದಿಲ್ಲ. ನನ್ನ ಕನ್ನಡಿಯಲ್ಲಿ ನನ್ನ ಮುಖ ನಿಮಗೆ ಕಾಣುತ್ತಿಲ್ಲ ಅಂದರೆ ನೀವು ನನಗೆ ಕಾಣುತ್ತಿಲ್ಲ. ಹೈವೇಯಲ್ಲೂ ಇದೇ ಮಾತು.

ಸಾಧನಕೇರಿ_ಸವಾರಿ

ಅಣ್ಣಾ, ನಿಮ್ಮ ಮಾತು ಒಪ್ಪಿದೆ. ನಾವು ಏಳಕ್ಕೆ ಘಟ್ಟದ ತಲೆಯಲ್ಲಿದ್ದೆವು, ಹಿಂದೆ ಲಾರಿ ಸದ್ದು ಕೇಳಿದರೆ ಅಗಲ ಇದ್ದ ಕಡೆ ಪೂರ್ತಿ ಇಳಿದು ನಿಲ್ಲುತ್ತಿದ್ದೆವು. ಬ್ರೇಕ್ ಹಿಡಿದೇ ಇಳಿದರೆ ರಿಮ್ ಕಾಯುತ್ತದೆ ಅಂತ ಎರಡು ಮೂರು ಕಡೆ ನಿಂತು ಮುಟ್ಟಿ ನೋಡಿದೆವು. ಬೆರಳಿಡಲು ಆಗದಷ್ಟು ಬಿಸಿ ಇತ್ತು. ಇಷ್ಟೆಲ್ಲ ಮಾಡಿದರೂ ಎರಡು ಸಲ ಎದೆ ಝಲ್ ಎಂದಿತು. ಮೊದಲ ಸಲ ಹೋಗುವವರು ಇವರು ಹೇಳಿದ ಹಾಗೆ ಟೆಂಪೋ ಮಾಡಿಕೊಳ್ಳಿ. ಕನ್ನಡಿಯ ಮಾತು ಎಲ್ಲರೂ ನೆನಪಿಡಿ.

ಕಾಳಿ_ದಂಡೆಯವನು

ನಾನು ಮೂಲ ಹುಬ್ಬಳ್ಳಿ, ಕೆಲಸಕ್ಕೆ ಕಾರವಾರದಲ್ಲಿದ್ದೇನೆ. ಒಂದೇ ಮಾತು. ಮಳೆಗಾಲದಲ್ಲಿ ಹಸಿರು ಚೆಂದ ಅಂತ ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಯಾರೂ ಸೈಕಲ್ ತರಬೇಡಿ. 2024ರಲ್ಲಿ ಶಿರೂರು ಆಗಿ ಒಂದು ತಿಂಗಳೂ ಆಗಿರಲಿಲ್ಲ, ಆಗಸ್ಟ್ 7ರ ನಡುರಾತ್ರಿ ಇಲ್ಲಿ ಕಾಳಿಯ ಹಳೇ ಸೇತುವೆ ಬಿತ್ತು. ಮಳೆಯಲ್ಲಿ ಗುಡ್ಡ ಕಡಿದ ಜಾಗಗಳ ಕೆಳಗೆ ನಮಗೇ ಓಡಾಡಲು ಭಯ ಆಗುತ್ತದೆ. ನವೆಂಬರ್‌ನಿಂದ ಫೆಬ್ರವರಿ ನಡುವೆ ಬನ್ನಿ. ರಾತ್ರಿ ಎಲ್ಲಾದರೂ ಗದ್ದೆ ಬಯಲಿನಲ್ಲಿ ಯಕ್ಷಗಾನದ ಚೆಂಡೆ ಕೇಳುತ್ತದೆ, ಹೋಗಿ ಕೂರಿ.

ಉಣಕಲ್_ಕಟ್ಟೆ

ವಾಪಸ್ ಹೇಗೆ ಬಂದಿರಿ?

ಸಾಧನಕೇರಿ_ಸವಾರಿ

ರಾತ್ರಿ ಬಸ್ ಅಂತ ಯೋಚನೆ ಇತ್ತು. ಮುಂಚೆ ಫೋನಿನಲ್ಲಿ ಆಗುತ್ತದೆ ಅಂದಿದ್ದವರು ಹತ್ತುವ ಹೊತ್ತಿಗೆ ಸೈಕಲ್ ಹಾಕಲ್ಲ ಎಂದರು. ಒಂಬತ್ತು ದಿನದ ದಣಿವು, ಎದುರಿಗೆ ಬಸ್ ಹೊರಟುಹೋಯಿತು. ಮರುದಿನ ಹುಬ್ಬಳ್ಳಿ ಮೇಲೆ ಹೋಗುವ ವಿಜಯಪುರ ರೈಲು ಹಿಡಿದೆವು, ಸೈಕಲ್ ಲಗೇಜ್ ಡಬ್ಬಿಗೆ ಬುಕ್ ಮಾಡಿಸಿ. ಪೆಡಲ್ ಬಿಚ್ಚಿ, ಗೇರಿಗೆ ಬಟ್ಟೆ ಸುತ್ತಿ ಕೊಡಿ. ಬಿಚ್ಚುವಾಗ ಎಡ ಪೆಡಲಿನ ತಿರುಪು ಉಲ್ಟಾ ಇರುತ್ತದೆ, ಮರೆಯಬೇಡಿ. ಮನೆಗೆ ಬಂದ ದಿನವೇ ಇಡೀ ಸೈಕಲನ್ನು ಸಿಹಿನೀರಲ್ಲಿ ತೊಳೆದು ಒರೆಸಿ ಚೈನಿಗೆ ಎಣ್ಣೆ ಬಿಡಿ. ನಾವು ಎರಡು ದಿನ ತಡ ಮಾಡಿದೆವು. ಅಷ್ಟರಲ್ಲೇ ಕೆಂಪು ತುಕ್ಕು ಹಿಡಿದಿತ್ತು.

ಬೆಟಗೇರಿ_ಮಗ್ಗ

ಅಕ್ಕಾ, ಇವತ್ತು ಬೆಳಿಗ್ಗೆ ಲಕ್ಕುಂಡಿಗೆ ಹೋಗಿ ಬಂದೆವು. ಹೋಗುವಾಗ, ಬರುವಾಗ ಎರಡೂ ಸಲ ನಾನೇ ಮುಂದೆ. ಬ್ರಹ್ಮ ಜಿನಾಲಯದ ನೆರಳಲ್ಲಿ ಅರ್ಧ ಗಂಟೆ ಕೂತು ಅವಲಕ್ಕಿ ತಿಂದೆವು. ಇದುವರೆಗೆ ಅಲ್ಲಿಗೆ ಮಕ್ಕಳನ್ನು ಕರೆದುಕೊಂಡು ಹೋಗಿದ್ದೇನೆಯೇ ಹೊರತು ನಾವಿಬ್ಬರೇ ಹೋಗಿರಲಿಲ್ಲ. ಜಗಳ ಆಗಲಿಲ್ಲ. ಜನವರಿಗೆ ಅಂಕೋಲಾದಿಂದ ಭಟ್ಕಳ ಅಂತ ತೀರ್ಮಾನ ಆಯಿತು. ಕ್ಯಾರಿಯರ್ ಚೀಲ ಎಂಥದ್ದು ತೆಗೆದುಕೊಳ್ಳಲಿ?

ಸಾಧನಕೇರಿ_ಸವಾರಿ

ತೆಗೆದುಕೊಳ್ಳಬೇಡಿ. ನಮ್ಮ ಹತ್ತಿರ ಎರಡು ಜೊತೆ ಇವೆ, ಅಟ್ಟದ ಮೇಲೆ ಸುಮ್ನೆ ಕೂತಿವೆ. ಒಂದರ ಕೊಂಡಿ ಸ್ವಲ್ಪ ಸಡಿಲ, ದಾರ ಹಾಕಿ ಹೊಲಿಯುತ್ತೇನೆ. ಧಾರವಾಡಕ್ಕೆ ಬಂದಾಗ ಮೆಸೇಜ್ ಮಾಡಿ, ಇಬ್ಬರೂ ಬನ್ನಿ. ಊಟ ಮಾಡಿಕೊಂಡು ಹೋಗುವಿರಂತೆ. ಹಲ್ಲುಚಕ್ರ ಬಿಚ್ಚುವ ಹತ್ಯಾರೂ ಈಗ ಇದೆ, ಅದನ್ನೂ ಒಯ್ಯಿರಿ.